ಮೆಡಿಟರೇನಿಯನ್ ವಾಯುಗುಣದ ಮನೆಗಳ ಆಧುನಿಕ ವಾಸ್ತುಶಿಲ್ಪ

ಮೆಡಿಟರೇನಿಯನ್ ವಾಯುಗುಣದ ಮನೆಗಳ ಆಧುನಿಕ ವಾಸ್ತುಶಿಲ್ಪವು ಬೇಸಿಗೆಯಲ್ಲಿ ಒಣಹವೆಯೂ ಚಳಿಗಾಲದಲ್ಲಿ ಮಳೆಯೂ ಇರುವ ಪ್ರದೇಶಗಳಲ್ಲಿ 20ನೆಯ ಶತಮಾನದಿಂದ ಈಚೆಗೆ ಬೆಳೆದುಬಂದ ಗೃಹನಿರ್ಮಾಣ ವಿಧಾನಗಳನ್ನು ಒಳಗೊಂಡಿದೆ. ಬಿಳಿಯ ಗೋಡೆ, ಕೆಂಪು ಹೆಂಚು, ಕಮಾನು, ಒಳಅಂಗಳ ಮುಂತಾದವು ಇಂತಹ ಮನೆಗಳ ಹೊರಗುರುತುಗಳೆಂದು ಪ್ರಸಿದ್ಧವಾಗಿವೆ. ಆದರೆ ಇವುಗಳಲ್ಲಿ ಹೆಚ್ಚಿನವು ಕೇವಲ ಅಲಂಕಾರಗಳಲ್ಲ. ಬೇಸಿಗೆಯ ತಾಪವನ್ನು ತಡೆಯಲು, ಚಳಿಗಾಲದ ಬಿಸಿಲನ್ನು ಒಳಗೆ ಬರಮಾಡಿಕೊಳ್ಳಲು ಮತ್ತು ಮಳೆನೀರನ್ನು ಕೂಡಿಡಲು ಜನರು ಕಂಡುಕೊಂಡ ಉಪಾಯಗಳು. 20ನೆಯ ಶತಮಾನದ ಉತ್ತರಾರ್ಧದಲ್ಲಿ ಗಾಜು, ಕಾಂಕ್ರೀಟು ಮತ್ತು ಹವಾನಿಯಂತ್ರಕಗಳ ಬಳಕೆ ಹೆಚ್ಚಿದಂತೆ ಈ ಉಪಾಯಗಳು ಹಿಂದೆ ಸರಿದವು. ಬಿಸಿಗಾಳಿ, ನೀರಿನ ಕೊರತೆ ಮತ್ತು ಕಾಡ್ಗಿಚ್ಚುಗಳ ಕಾರಣದಿಂದ ಅವು ಈಗ ಮತ್ತೆ ಪ್ರಾಮುಖ್ಯ ಪಡೆದಿವೆ.

ವಾಯುಗುಣ ಮತ್ತು ವ್ಯಾಪ್ತಿ

ಮೆಡಿಟರೇನಿಯನ್ ವಾಯುಗುಣವು ಭೂಖಂಡಗಳ ಪಶ್ಚಿಮ ಭಾಗದಲ್ಲಿ, ಸಾಮಾನ್ಯವಾಗಿ 30ರಿಂದ 45 ಡಿಗ್ರಿ ಅಕ್ಷಾಂಶಗಳ ನಡುವೆ ಕಂಡುಬರುತ್ತದೆ. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ನಾಡುಗಳಲ್ಲದೆ ಅಮೆರಿಕದ ಕ್ಯಾಲಿಫೋರ್ನಿಯಾ, ಚಿಲಿಯ ಮಧ್ಯಭಾಗ, ದಕ್ಷಿಣ ಆಫ್ರಿಕದ ಕೇಪ್ ಪ್ರದೇಶ ಹಾಗೂ ಆಸ್ಟ್ರೇಲಿಯದ ನೈಋತ್ಯ ಮತ್ತು ದಕ್ಷಿಣ ತೀರಗಳಲ್ಲಿಯೂ ಇದೇ ವಾಯುಗುಣವಿದೆ. ಕೊಪ್ಪೆನ್ ವರ್ಗೀಕರಣದಲ್ಲಿ ಇದರ ಬಿಸಿ ಬೇಸಿಗೆಯ ಬಗೆ ಮತ್ತು ಹಿತಕರ ಬೇಸಿಗೆಯ ಬಗೆಗಳನ್ನು ಬೇರೆಬೇರೆಯಾಗಿ ಗುರುತಿಸಲಾಗಿದೆ.

ಗೃಹನಿರ್ಮಾಣದ ದೃಷ್ಟಿಯಿಂದ ಈ ವಾಯುಗುಣದ ಮೂರು ಲಕ್ಷಣಗಳು ಮುಖ್ಯವಾದವು. ಮೊದಲನೆಯದಾಗಿ, ಬಿಸಿಲು ಅತಿಯಾಗಿರುವ ತಿಂಗಳುಗಳಲ್ಲಿಯೇ ಮಳೆ ಬಹುತೇಕ ಇರುವುದಿಲ್ಲ. ಅಥೆನ್ಸ್ ನಗರದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 400 ಮಿ.ಮೀ.; ಅದರ ಹೆಚ್ಚಿನ ಭಾಗ ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಅವಧಿಯದು. ಎರಡನೆಯದಾಗಿ, ಹವೆ ಒಣದಾಗಿರುವುದರಿಂದ ಬೇಸಿಗೆಯಲ್ಲಿಯೂ ರಾತ್ರಿಗಳು ಸಾಮಾನ್ಯವಾಗಿ ಹಗಲಿಗಿಂತ ಸಾಕಷ್ಟು ತಂಪಾಗಿರುತ್ತವೆ. ಮೂರನೆಯದಾಗಿ, ಚಳಿಗಾಲವು ಕಠಿಣವಲ್ಲದಿದ್ದರೂ ಮನೆಯೊಳಗೆ ಬೆಚ್ಚಗಿನ ವ್ಯವಸ್ಥೆ ಬೇಕಾಗುವಷ್ಟು ಚಳಿ ಇರುತ್ತದೆ. ಆದ್ದರಿಂದ ಇಲ್ಲಿನ ಮನೆಯು ವರ್ಷದ ಒಂದು ಭಾಗದಲ್ಲಿ ಬಿಸಿಲನ್ನು ದೂರವಿಡಬೇಕು, ಇನ್ನೊಂದು ಭಾಗದಲ್ಲಿ ಅದನ್ನೇ ಬರಮಾಡಿಕೊಳ್ಳಬೇಕು.

ಸಾಂಪ್ರದಾಯಿಕ ಹಿನ್ನೆಲೆ

ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪೊಂಪೆ ನಗರದ ಮನೆಗಳಲ್ಲಿ ಈ ಪರಂಪರೆಯ ಹಳೆಯ ರೂಪವನ್ನು ಕಾಣಬಹುದು. ಆ ಮನೆಗಳ ನಡುವಣ ಕೋಣೆಯ ಚಾವಣಿ ನಾಲ್ಕು ಕಡೆಗಳಿಂದಲೂ ಒಳಕ್ಕೆ ಇಳಿಜಾರಾಗಿತ್ತು. ಚಾವಣಿಯ ನಡುವಿನ ತೆರಪಿನಿಂದ ಬೀಳುವ ಮಳೆನೀರು ನೆಲದ ತೊಟ್ಟಿಗೂ, ಅಲ್ಲಿಂದ ನೆಲದಡಿಯ ಸಂಗ್ರಹಕ್ಕೂ ಹೋಗುತ್ತಿತ್ತು. ಬೆಳಕು, ಗಾಳಿ, ನೀರು ಮೂರೂ ಒಂದೇ ದಾರಿಯಿಂದ ಒಳಬರುವ ಏರ್ಪಾಡು ಇದು.

ಮುಂದೆ ಉತ್ತರ ಆಫ್ರಿಕ ಮತ್ತು ಸ್ಪೇನ್‌ಗಳಲ್ಲಿ ಇಸ್ಲಾಮೀ ಸಂಸ್ಕೃತಿಯು ಒಳಅಂಗಳದ ಮನೆಯನ್ನು ಇನ್ನಷ್ಟು ಬೆಳೆಸಿತು. ಬೀದಿಯ ಕಡೆಗೆ ಬಹುಮಟ್ಟಿಗೆ ಮುಚ್ಚಿದ ಗೋಡೆ, ಒಳಗೆ ನೀರಿನ ಚಿಲುಮೆ ಮತ್ತು ಗಿಡಗಳಿರುವ ಅಂಗಳ ಇದರ ಲಕ್ಷಣ. ರಾತ್ರಿ ತಂಪಾದ ಭಾರವಾದ ಗಾಳಿ ಅಂಗಳದ ತಳದಲ್ಲಿ ನಿಲ್ಲುವುದರಿಂದ ಸುತ್ತಲಿನ ಕೋಣೆಗಳು ಮಧ್ಯಾಹ್ನದವರೆಗೂ ತಂಪಾಗಿರುತ್ತವೆ. ಸ್ಪೇನಿನ ಕೊರ್ಡೋಬಾ ನಗರದ ಅಂಗಳಗಳ ಉತ್ಸವವನ್ನು ಯುನೆಸ್ಕೊ 2012ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಕಲ್ಲು ಧಾರಾಳವಾಗಿ ದೊರೆಯುವ ಕಡೆಗಳಲ್ಲಿ ದಪ್ಪ ಗೋಡೆಗಳ ಪದ್ಧತಿ ಬೆಳೆಯಿತು. ಇಟಲಿಯ ಅಲ್ಬೆರೊಬೆಲ್ಲೊ ಊರಿನ ಶಂಕುವಿನಾಕಾರದ ಚಾವಣಿಯ ಕಲ್ಲುಮನೆಗಳು, ಗ್ರೀಸ್ ದೇಶದ ಸ್ಯಾಂಟೊರಿನಿ ದ್ವೀಪದಲ್ಲಿ ಜ್ವಾಲಾಮುಖಿಯ ಬೂದಿಪದರವನ್ನು ಕೊರೆದು ಮಾಡಿದ ಗುಹಾಮನೆಗಳು ಇದಕ್ಕೆ ಉದಾಹರಣೆಗಳು. ಗೋಡೆಗೆ ಬಳಿಯುವ ಸುಣ್ಣವು ಬಿಸಿಲನ್ನು ಹಿಂದಕ್ಕೆ ಪ್ರತಿಫಲಿಸುವುದರ ಜೊತೆಗೆ ಕ್ರಿಮಿನಾಶಕವಾಗಿಯೂ ಕೆಲಸ ಮಾಡುತ್ತದೆ.

ವಿನ್ಯಾಸದ ಮೂಲತತ್ತ್ವಗಳು

ಬಿಸಿಲಿನ ಕೋನ

ಅಥೆನ್ಸ್ ಸುಮಾರು 38 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿ ಜೂನ್ ತಿಂಗಳ ಅತಿ ದೀರ್ಘ ಹಗಲಿನಂದು ನಡುಮಧ್ಯಾಹ್ನದ ಸೂರ್ಯನು ದಿಗಂತದಿಂದ ಸುಮಾರು 75 ಡಿಗ್ರಿ ಎತ್ತರದಲ್ಲಿರುತ್ತಾನೆ. ಡಿಸೆಂಬರ್‌ನ ಅತಿ ಕಿರಿಯ ಹಗಲಿನಂದು ಈ ಎತ್ತರ ಸುಮಾರು 28 ಡಿಗ್ರಿ ಮಾತ್ರ. ದಕ್ಷಿಣದ ಗೋಡೆಯ ಮೇಲೆ 1 ಮೀಟರ್ ಮುಂದಕ್ಕೆ ಚಾಚಿದ ಸೂರು ಇದ್ದರೆ ಜೂನ್ ಮಧ್ಯಾಹ್ನ ಅದರ ನೆರಳು 3.5 ಮೀಟರಿಗೂ ಹೆಚ್ಚು ಕೆಳಗಿಳಿದು ಇಡೀ ಕಿಟಕಿಯನ್ನು ಕಾಯುತ್ತದೆ. ಡಿಸೆಂಬರ್‌ನಲ್ಲಿ ಅದೇ ಸೂರಿನ ನೆರಳು ಅರ್ಧ ಮೀಟರಿನಷ್ಟೇ ಇಳಿಯುವುದರಿಂದ ಬಿಸಿಲು ಕೋಣೆಯೊಳಕ್ಕೆ ಬರುತ್ತದೆ. ಯಾವ ಯಂತ್ರದ ನೆರವೂ ಇಲ್ಲದೆ ಋತುವಿಗೆ ತಕ್ಕಂತೆ ನಡೆಯುವ ಈ ಬದಲಾವಣೆಯೇ ಇಲ್ಲಿನ ಗೃಹವಿನ್ಯಾಸದ ಅಡಿಪಾಯವಾಗಿದೆ. ದಕ್ಷಿಣ ಗೋಳಾರ್ಧದ ಚಿಲಿ, ಕೇಪ್ ಪ್ರದೇಶ ಮತ್ತು ಆಸ್ಟ್ರೇಲಿಯಗಳಲ್ಲಿ ಇದೇ ಲೆಕ್ಕ ಉತ್ತರದ ಗೋಡೆಗೆ ಅನ್ವಯಿಸುತ್ತದೆ.

ಪೂರ್ವ ಮತ್ತು ಪಶ್ಚಿಮದ ಗೋಡೆಗಳಿಗೆ ಸೂರಿನಿಂದ ಹೆಚ್ಚಿನ ಪ್ರಯೋಜನವಿಲ್ಲ. ಬೆಳಗಿನ ಮತ್ತು ಸಂಜೆಯ ಬಿಸಿಲು ಓರೆಯಾಗಿ ನೇರ ಕಿಟಕಿಗೆ ಬೀಳುತ್ತದೆ. ಆದುದರಿಂದ ಆ ಕಡೆಗಳಲ್ಲಿ ಕಿಟಕಿಗಳನ್ನು ಚಿಕ್ಕದಾಗಿಸುವುದು ಇಲ್ಲವೆ ಹೊರಗಡೆ ಮರದ ಪಟ್ಟಿಗಳ ಕದಗಳನ್ನು ಅಳವಡಿಸುವುದು ರೂಢಿ. ಕಿಟಕಿಯ ಒಳಗಿನ ಪರದೆಗಿಂತ ಹೊರಗಿನ ಕದ ಹೆಚ್ಚು ಪರಿಣಾಮಕಾರಿ. ಬಿಸಿಲು ಒಮ್ಮೆ ಗಾಜನ್ನು ದಾಟಿದರೆ ಅದರ ತಾಪದ ಬಹುಪಾಲು ಒಳಗೇ ಉಳಿದುಬಿಡುತ್ತದೆ.

ದಪ್ಪ ಗೋಡೆ ಮತ್ತು ರಾತ್ರಿಯ ಗಾಳಿ

ಕಲ್ಲು, ಇಟ್ಟಿಗೆ ಅಥವಾ ಮಣ್ಣಿನ ದಪ್ಪ ಗೋಡೆ ಹಗಲಿನ ತಾಪವನ್ನು ಹೀರಿಕೊಂಡು ಹಲವು ಗಂಟೆಗಳ ನಂತರ ನಿಧಾನವಾಗಿ ಹೊರಬಿಡುತ್ತದೆ. ರಾತ್ರಿ ಕಿಟಕಿಗಳನ್ನು ತೆರೆದಿಟ್ಟರೆ ತಂಪುಗಾಳಿಯು ಗೋಡೆಯ ತಾಪವನ್ನು ಹೊರಗೊಯ್ಯುತ್ತದೆ. ಬೆಳಿಗ್ಗೆ ಮುಚ್ಚಿದರೆ ಆ ತಂಪು ಮಧ್ಯಾಹ್ನದವರೆಗೂ ಉಳಿಯುತ್ತದೆ. ಹಗಲು ಮುಚ್ಚಿ ರಾತ್ರಿ ತೆರೆಯುವ ಈ ಅಭ್ಯಾಸವಿಲ್ಲದೆ ದಪ್ಪ ಗೋಡೆಯಿಂದ ಪೂರ್ಣ ಲಾಭ ದೊರೆಯುವುದಿಲ್ಲ.

ನೆರಳಿನ ಚಪ್ಪರ

ಮನೆಯ ಮುಂದೆ ದ್ರಾಕ್ಷಿಬಳ್ಳಿ ಹಬ್ಬಿಸಿದ ಚಪ್ಪರ ಈ ಪ್ರದೇಶಗಳಲ್ಲಿ ಸಾಮಾನ್ಯ ದೃಶ್ಯ. ಬೇಸಿಗೆಯಲ್ಲಿ ಬಳ್ಳಿಯು ದಟ್ಟವಾದ ನೆರಳು ಕೊಡುತ್ತದೆ. ಚಳಿಗಾಲದಲ್ಲಿ ಎಲೆ ಉದುರಿಸಿ ಬಿಸಿಲಿಗೆ ದಾರಿ ಮಾಡುತ್ತದೆ.

ಆಧುನಿಕ ಕಾಲದ ಬೆಳವಣಿಗೆ

ಯುರೋಪ್

ಆಧುನಿಕ ವಾಸ್ತುಶಿಲ್ಪದ ಬಿಳಿಯ, ಸಪಾಟು ಚಾವಣಿಯ ರೂಪಗಳಿಗೆ ಮೆಡಿಟರೇನಿಯನ್ ಹಳ್ಳಿಮನೆಗಳೂ ಒಂದು ಪ್ರೇರಣೆಯಾಗಿದ್ದವು. ಲ ಕಾರ್ಬ್ಯೂಸಿಯೆ 1911ರಲ್ಲಿ ಬಾಲ್ಕನ್ ನಾಡುಗಳು, ಟರ್ಕಿ, ಗ್ರೀಸ್ ಮತ್ತು ಇಟಲಿಗಳಲ್ಲಿ ಪ್ರವಾಸ ಮಾಡಿ ಇಂತಹ ಕಟ್ಟಡಗಳ ರೇಖಾಚಿತ್ರಗಳನ್ನು ಬರೆದನು. ಬಾರ್ಸಿಲೋನಾದಲ್ಲಿ ಜೋಸೆಪ್ ಲ್ಯೂಯಿಸ್ ಸೆರ್ಟ್ ಮತ್ತು ಸಂಗಡಿಗರು 1930ರಲ್ಲಿ ಆಧುನಿಕ ವಾಸ್ತುಶಿಲ್ಪಿಗಳ ಸಂಘವೊಂದನ್ನು ಕಟ್ಟಿದರು. ಈ ಸಂಘದ ಪತ್ರಿಕೆಯು ಇಬಿಜಾ ದ್ವೀಪದ ರೈತರ ಮನೆಗಳನ್ನು ಆಧುನಿಕತೆಗೆ ಮಾದರಿಯೆಂದು ಪರಿಚಯಿಸಿತು. ಅಲಂಕಾರವಿಲ್ಲದ ಆ ಮನೆಗಳಲ್ಲಿ ಪ್ರತಿಯೊಂದು ಭಾಗಕ್ಕೂ ಉಪಯೋಗವಿತ್ತು ಎಂಬುದೇ ಅದಕ್ಕೆ ಕಾರಣ.

ಎರಡನೆಯ ಮಹಾಯುದ್ಧದ ನಂತರ ಹಲವು ವಾಸ್ತುಶಿಲ್ಪಿಗಳು ಹೊಸ ತಂತ್ರವನ್ನೂ ಸ್ಥಳೀಯ ಅನುಭವವನ್ನೂ ಜೊತೆಗೂಡಿಸಿದರು. ಹೊಸೆ ಆಂಟೋನಿಯೊ ಕೊಡೆರ್ಕ್ 1950ರ ದಶಕದ ಆರಂಭದಲ್ಲಿ ಬಾರ್ಸಿಲೋನಾ ಬಳಿಯ ಕಾಲ್ಡೆಸ್ ದೆಸ್ತ್ರಾಕ್‌ನಲ್ಲಿ ಕಟ್ಟಿದ ಉಗಾಲ್ಡೆ ಮನೆಯು ಅಲ್ಲಿದ್ದ ಪೈನ್ ಮರಗಳನ್ನೂ ಇಳಿಜಾರನ್ನೂ ಅನುಸರಿಸಿ ಬಳುಕುತ್ತದೆ. ಬಾರ್ಸಿಲೋನೆಟಾದಲ್ಲಿ ಅವನು ಕಟ್ಟಿದ ವಸತಿ ಸಮುಚ್ಚಯದಲ್ಲಿ ಮರದ ಪಟ್ಟಿಗಳ ಕದಗಳನ್ನು ನೆಲದಿಂದ ಚಾವಣಿಯವರೆಗೆ ಬಳಸಲಾಗಿದೆ. ಗ್ರೀಸ್‌ನ ಆರಿಸ್ ಕಾನ್‌ಸ್ಟಂಟಿನಿಡಿಸ್ 1960ರ ದಶಕದ ಆರಂಭದಲ್ಲಿ ಅನಾವಿಸೋಸ್‌ನಲ್ಲಿ ಕಟ್ಟಿದ ಚಿಕ್ಕ ಮನೆ ಕಲ್ಲಿನ ಗೋಡೆಗಳ ಮೇಲೆ ಕಾಂಕ್ರೀಟಿನ ಚಪ್ಪಡಿ ಹೊದಿಸಿದ ಸರಳ ರಚನೆ.

ಸಿಡ್ನಿ ಒಪೆರಾ ಹೌಸ್‌ನ ವಿನ್ಯಾಸಕಾರ ಯೋರ್ನ್ ಉಟ್ಸನ್ 1970ರ ದಶಕದ ಆರಂಭದಲ್ಲಿ ಮಯೋರ್ಕಾ ದ್ವೀಪದ ಕಡಲ ಬಂಡೆಯ ಅಂಚಿನಲ್ಲಿ ತನ್ನ ಕುಟುಂಬಕ್ಕಾಗಿ ಕಾನ್ ಲಿಸ್ ಎಂಬ ಮನೆಯನ್ನು ಕಟ್ಟಿದನು. ಸ್ಥಳೀಯ ಮರಳುಗಲ್ಲಿನ ಈ ಮನೆ ಬಿಡಿಬಿಡಿಯಾದ ಮಂಟಪಗಳ ಸಾಲಿನಂತಿದೆ. ಕಿಟಕಿಯ ಚೌಕಟ್ಟುಗಳನ್ನು ಗೋಡೆಯ ಹೊರಮೈಗೆ ಜೋಡಿಸಿರುವುದರಿಂದ ಒಳಗಿನಿಂದ ನೋಡುವವರಿಗೆ ಕಲ್ಲು ಮತ್ತು ಕಡಲು ಮಾತ್ರ ಕಾಣುತ್ತವೆ. ಆದರೂ ಸಮುದ್ರದಿಂದ ಪ್ರತಿಫಲಿಸುವ ತೀಕ್ಷ್ಣ ಬೆಳಕು ಕಣ್ಣಿಗೆ ಆಯಾಸ ತಂದುದರಿಂದ ಉಟ್ಸನ್ ಮುಂದೆ ದ್ವೀಪದ ಒಳಭಾಗದಲ್ಲಿ ಮತ್ತೊಂದು ಮನೆ ಕಟ್ಟಿಕೊಂಡನು. ಸಮುದ್ರದ ನೋಟಕ್ಕಾಗಿ ತೆರೆದ ಮನೆಯು ಬೆಳಕನ್ನೂ ಅಳತೆಯಲ್ಲಿಡಬೇಕಾಗುತ್ತದೆ ಎಂಬುದಕ್ಕೆ ಇದು ಪ್ರಸಿದ್ಧ ನಿದರ್ಶನ.

ಕ್ಯಾಲಿಫೋರ್ನಿಯಾ

ಸ್ಯಾನ್ ಡಿಯಾಗೊ ನಗರದಲ್ಲಿ 1915ರಲ್ಲಿ ನಡೆದ ವಸ್ತುಪ್ರದರ್ಶನದ ನಂತರ ಸ್ಪ್ಯಾನಿಷ್ ವಸಾಹತು ಶೈಲಿಯ ಪುನರುಜ್ಜೀವನ ಕ್ಯಾಲಿಫೋರ್ನಿಯಾದಲ್ಲಿ ಹರಡಿತು. 1925ರ ಭೂಕಂಪದ ಬಳಿಕ ಸಾಂತಾ ಬಾರ್ಬರಾ ನಗರದ ಮುಖ್ಯ ಭಾಗವನ್ನು ಇದೇ ಶೈಲಿಯಲ್ಲಿ ಮತ್ತೆ ಕಟ್ಟಲಾಯಿತು. ಇಂದು ಹಲವು ದೇಶಗಳಲ್ಲಿ ‘ಮೆಡಿಟರೇನಿಯನ್ ವಿಲ್ಲಾ’ ಎಂದು ಮಾರಾಟವಾಗುವ ಮನೆಗಳ ರೂಪ ಬಹುಮಟ್ಟಿಗೆ ಈ ಮೂಲದ್ದು.

ಇದಕ್ಕೆ ಭಿನ್ನವಾಗಿ, ‘ಆರ್ಟ್ಸ್ ಅಂಡ್ ಆರ್ಕಿಟೆಕ್ಚರ್’ ಪತ್ರಿಕೆಯು 1945ರಲ್ಲಿ ಆರಂಭಿಸಿದ ‘ಕೇಸ್ ಸ್ಟಡಿ’ ಮನೆಗಳ ಯೋಜನೆಯು ಉಕ್ಕು ಮತ್ತು ಗಾಜಿನ ಮನೆಗಳಿಗೆ ಪ್ರೋತ್ಸಾಹ ನೀಡಿತು. ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಯ ಮನೆ (1949), ಪಿಯರ್ ಕೊಯೆನಿಗ್ ವಿನ್ಯಾಸದ ಸ್ಟಾಲ್ ಮನೆ (1960) ಇವುಗಳಲ್ಲಿ ಪ್ರಮುಖವಾದವು. ಮನೆಯ ಒಳಗನ್ನೂ ಹೊರಗನ್ನೂ ಒಂದಾಗಿಸುವ ದೊಡ್ಡ ಗಾಜಿನ ಗೋಡೆಗಳು ಇವುಗಳಿಂದ ಜಗತ್ತಿನಾದ್ಯಂತ ಜನಪ್ರಿಯವಾದವು. ಅನುಕರಣೆಗಳಲ್ಲಿ ಸೂರು ಮತ್ತು ದಿಕ್ಕಿನ ಎಚ್ಚರ ಅನೇಕ ವೇಳೆ ಬಿಟ್ಟುಹೋಗಿ ಗಾಜು ಮಾತ್ರ ಉಳಿಯಿತು. ತಂಪಿನ ಹೊಣೆ ಹವಾನಿಯಂತ್ರಕದ ಮೇಲೆ ಬಿದ್ದಿತು.

ಇತ್ತೀಚಿನ ಪ್ರವೃತ್ತಿಗಳು

ನೆರಳು ಮತ್ತು ವಸ್ತುಗಳು: ಸರಿಯುವ ದೊಡ್ಡ ಗಾಜಿನ ಬಾಗಿಲುಗಳು ಮುಂದುವರಿದಿದ್ದರೂ ಅವುಗಳ ಮುಂದೆ ಆಳವಾದ ಜಗಲಿ, ಚಪ್ಪರ ಅಥವಾ ಸರಿಸಬಹುದಾದ ಮರದ ತೆರೆಗಳನ್ನು ಕೊಡುವುದು ಹೆಚ್ಚಿದೆ. ಸುಣ್ಣದ ಗಾರೆ, ಸ್ಥಳೀಯ ಕಲ್ಲು, ಸುಟ್ಟ ಮಣ್ಣಿನ ಬಿಲ್ಲೆ ಮತ್ತು ಬಣ್ಣದ ಸಿಮೆಂಟ್ ಬಿಲ್ಲೆಗಳ ನೆಲ ಮತ್ತೆ ಬಳಕೆಗೆ ಬಂದಿವೆ. ಪಾಳುಬಿದ್ದ ಹಳೆಯ ಕಲ್ಲುಮನೆಗಳನ್ನು ಕೆಡವದೆ ದುರಸ್ತಿ ಮಾಡಿ ವಾಸಯೋಗ್ಯವಾಗಿಸುವುದೂ ಒಂದು ಮುಖ್ಯ ಪ್ರವೃತ್ತಿ.

ಶಕ್ತಿ: ಇಸ್ರೇಲ್ 1980ರಲ್ಲಿಯೇ ಹೊಸ ಮನೆಗಳಿಗೆ ಸೌರ ನೀರುಕಾಯಿಸುವ ಸಾಧನವನ್ನು ಕಡ್ಡಾಯಗೊಳಿಸಿತು. ಯುರೋಪಿಯನ್ ಒಕ್ಕೂಟದ 2010ರ ನಿರ್ದೇಶನದಂತೆ 2020ರ ಡಿಸೆಂಬರ್ 31ರ ನಂತರದ ಎಲ್ಲ ಹೊಸ ಕಟ್ಟಡಗಳ ಶಕ್ತಿಬಳಕೆ ಬಹುತೇಕ ಶೂನ್ಯದ ಮಟ್ಟದಲ್ಲಿರಬೇಕು. ಕ್ಯಾಲಿಫೋರ್ನಿಯಾ 2020ರಿಂದ ಹೊಸ ಮನೆಗಳಿಗೆ ಸೌರವಿದ್ಯುತ್ ಫಲಕಗಳನ್ನು ಕಡ್ಡಾಯ ಮಾಡಿದೆ. ಉತ್ತರ ಯುರೋಪಿನ ಚಳಿಗಾಗಿ ರೂಪುಗೊಂಡ, ಗಾಳಿಯಾಡದಂತೆ ಬಿಗಿಯಾಗಿ ಮುಚ್ಚಿದ ಮನೆಯ ಮಾದರಿಯನ್ನು ದಕ್ಷಿಣದಲ್ಲಿ ಹಾಗೆಯೇ ಅಳವಡಿಸಿದರೆ ಬೇಸಿಗೆಯಲ್ಲಿ ಒಳಗೆ ತಾಪ ಸಂಗ್ರಹವಾಗುವ ಅಪಾಯವಿದೆ. ಆದ್ದರಿಂದ ಹೊರನೆರಳು ಮತ್ತು ರಾತ್ರಿಯ ಗಾಳಿಸಂಚಾರಗಳನ್ನು ವಿನ್ಯಾಸದಲ್ಲಿಯೇ ಸೇರಿಸಲಾಗುತ್ತದೆ.

ನೀರು: ಬರಗಾಲದ ಸಮಯದಲ್ಲಿ ಕೇಪ್‌ಟೌನ್ ನಗರವು 2018ರ ಫೆಬ್ರುವರಿಯಿಂದ ಪ್ರತಿಯೊಬ್ಬರಿಗೆ ದಿನಕ್ಕೆ 50 ಲೀಟರ್ ನೀರಿನ ಮಿತಿಯನ್ನು ವಿಧಿಸಿತು. ಇಂತಹ ಅನುಭವಗಳ ನಂತರ ಮಳೆನೀರಿನ ತೊಟ್ಟಿ, ಬಳಸಿದ ನೀರಿನ ಮರುಬಳಕೆ, ಹುಲ್ಲುಹಾಸಿನ ಬದಲು ರೋಸ್‌ಮರಿ, ಲ್ಯಾವೆಂಡರ್, ಆಲಿವ್ ಮುಂತಾದ ಕಡಿಮೆ ನೀರು ಬೇಡುವ ಗಿಡಗಳ ತೋಟ ಪ್ರಚಾರಕ್ಕೆ ಬಂದಿವೆ.

ಬೆಂಕಿ: ಬೇಸಿಗೆಯ ಒಣ ಕುರುಚಲು ಕಾಡು ಈ ವಾಯುಗುಣದ ಸಹಜ ಅಪಾಯ. ಗ್ರೀಸ್‌ನ ಮಾಟಿ ಊರಿನಲ್ಲಿ 2018ರ ಜುಲೈನಲ್ಲಿ ಹಬ್ಬಿದ ಕಾಡ್ಗಿಚ್ಚಿನಲ್ಲಿ 100ಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಪ್ರದೇಶದಲ್ಲಿ ಸಾವಿರಾರು ಕಟ್ಟಡಗಳು ಸುಟ್ಟುಹೋದವು. ಗಾಳಿಯಲ್ಲಿ ಹಾರಿಬರುವ ಕೆಂಡಗಳು ಗಾಳಿಕಿಂಡಿ, ಸೂರಿನ ಸಂದು ಮತ್ತು ದೋಣಿಯಲ್ಲಿ ತುಂಬಿದ ಒಣ ಎಲೆಗಳ ಮೂಲಕ ಮನೆಗೆ ಬೆಂಕಿ ಹಚ್ಚುತ್ತವೆ. ಹೀಗಾಗಿ ಸಣ್ಣ ಕಣ್ಣಿನ ಲೋಹದ ಬಲೆ ಹಾಕಿದ ಗಾಳಿಕಿಂಡಿಗಳು, ಉರಿಯದ ಹೊರಗೋಡೆ ಮತ್ತು ಚಾವಣಿ, ಮನೆಯ ಸುತ್ತ ಗಿಡಗಳಿಲ್ಲದ ತೆರಪು ಅಗತ್ಯವೆನಿಸಿವೆ. ಗೋಡೆಗೆ ತಾಗಿ ಬಳ್ಳಿ ಹಬ್ಬಿಸುವ, ಮರದ ತೆರೆ ಕಟ್ಟುವ ಹಳೆಯ ರೂಢಿಗಳು ಕಾಡಿನಂಚಿನ ಮನೆಗಳಲ್ಲಿ ಈ ನಿಯಮಗಳಿಗೆ ವಿರುದ್ಧವಾಗುತ್ತವೆ. ನೆರಳು ಮತ್ತು ಅಗ್ನಿಸುರಕ್ಷತೆಗಳನ್ನು ಹೊಂದಿಸುವುದು ಇಂದಿನ ವಿನ್ಯಾಸಕಾರರ ಮುಂದಿರುವ ದೊಡ್ಡ ಪ್ರಶ್ನೆ.

ಮಿತಿಗಳು

ಸಾಂಪ್ರದಾಯಿಕ ಉಪಾಯಗಳು ತಂಪಾದ ರಾತ್ರಿಗಳನ್ನು ಅವಲಂಬಿಸಿವೆ. ಸಿಸಿಲಿ ದ್ವೀಪದ ಸಿರಾಕ್ಯೂಸ್ ಬಳಿ 2021ರ ಆಗಸ್ಟ್ 11ರಂದು 48.8 ಡಿಗ್ರಿ ಸೆಲ್ಸಿಯಸ್ ತಾಪಮಾನ ದಾಖಲಾಯಿತು. ಇದನ್ನು ಯುರೋಪ್ ಭೂಖಂಡದ ದಾಖಲೆಯೆಂದು ವಿಶ್ವ ಹವಾಮಾನ ಸಂಸ್ಥೆ ಮಾನ್ಯ ಮಾಡಿದೆ. ಬಿಸಿಗಾಳಿಯ ದಿನಗಳಲ್ಲಿ, ವಿಶೇಷವಾಗಿ ದೊಡ್ಡ ನಗರಗಳಲ್ಲಿ, ರಾತ್ರಿಯೂ ಬಿಸಿಯಾಗಿಯೇ ಉಳಿದರೆ ದಪ್ಪ ಗೋಡೆ ತಣಿಯಲು ಅವಕಾಶವಿರುವುದಿಲ್ಲ. ಆಗ ಯಂತ್ರದ ತಂಪು ಅನಿವಾರ್ಯವಾಗುತ್ತದೆ. ಆದರೆ ಸರಿಯಾದ ನೆರಳಿರುವ ಮನೆಗೆ ಬೇಕಾಗುವ ವಿದ್ಯುತ್ತು ಕಡಿಮೆ.

ಭಾರತ ಮತ್ತು ಕರ್ನಾಟಕದೊಂದಿಗೆ ಸಂಬಂಧ

ಲ ಕಾರ್ಬ್ಯೂಸಿಯೆ ಅಹಮದಾಬಾದಿನಲ್ಲಿ 1950ರ ದಶಕದಲ್ಲಿ ಕಟ್ಟಿದ ಸಾರಾಭಾಯಿ ಮನೆಯಲ್ಲಿ ಸ್ಪೇನಿನ ಕೆಟಲೋನಿಯಾ ಪ್ರದೇಶದ ಬಿಲ್ಲೆಗಳ ಕಮಾನು ಚಾವಣಿಯನ್ನು ಬಳಸಲಾಗಿದೆ. ಕರ್ನಾಟಕದ ತೊಟ್ಟಿ ಮನೆಗೂ ರೋಮನ್ ಅಂಗಳದ ಮನೆಗೂ ರಚನೆಯಲ್ಲಿ ಹೋಲಿಕೆಯಿದೆ. ಎರಡರಲ್ಲಿಯೂ ಚಾವಣಿ ಒಳಕ್ಕೆ ಇಳಿದು ನಡುವಿನ ತೆರಪಿಗೆ ಮಳೆನೀರನ್ನು ತರುತ್ತದೆ.

ಬೆಂಗಳೂರಿನಂತಹ ನಗರಗಳ ಬಡಾವಣೆಗಳಲ್ಲಿ ಮೆಡಿಟರೇನಿಯನ್ ಶೈಲಿಯ ಮನೆಗಳು ಕಂಡುಬರುತ್ತವೆ. ಆದರೆ ಕರ್ನಾಟಕದ ವಾಯುಗುಣ ಬೇರೆ ಬಗೆಯದು. ಇಲ್ಲಿ ಮಳೆ ಮುಖ್ಯವಾಗಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಬೀಳುತ್ತದೆ. ಮಂಗಳೂರಿನ ವಾರ್ಷಿಕ ಮಳೆ 3,500 ಮಿ.ಮೀ.ಗೂ ಹೆಚ್ಚು. ಸೂರಿಲ್ಲದ ಬಿಳಿಯ ಗೋಡೆ ಇಂತಹ ಮಳೆಯಲ್ಲಿ ನೆನೆದು ಪಾಚಿಗಟ್ಟುತ್ತದೆ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಜೂನ್ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಸ್ವಲ್ಪ ಉತ್ತರಕ್ಕಿರುತ್ತಾನೆ. ಚಳಿಗಾಲದ ಬಿಸಿಲನ್ನು ಒಳಗೆ ತರುವ ಅಗತ್ಯವೂ ಇಲ್ಲಿ ಕಡಿಮೆ. ಹೀಗಾಗಿ ದಕ್ಷಿಣಕ್ಕೆ ದೊಡ್ಡ ಕಿಟಕಿ ಎಂಬ ನಿಯಮ ಇಲ್ಲಿಗೆ ಹೊಂದುವುದಿಲ್ಲ. ಕರಾವಳಿ ಮತ್ತು ಮಲೆನಾಡುಗಳ ಕಡಿದಾದ ಇಳಿಜಾರಿನ ಹೆಂಚಿನ ಚಾವಣಿ ಹಾಗೂ ಉದ್ದನೆಯ ಸೂರು ಸ್ಥಳೀಯ ಮಳೆಗೆ ತಕ್ಕಂತೆ ಬೆಳೆದವು. ನೆರಳಿನ ಜಗಲಿ, ಹೊರಕದದ ಕಿಟಕಿ ಮತ್ತು ಮಳೆನೀರಿನ ಸಂಗ್ರಹ ಎರಡು ಕಡೆಗೂ ಸಮಾನವಾಗಿ ಉಪಯುಕ್ತವಾಗಿವೆ.