ಹೂಮಳೆ ಬಿದ್ದ ವಾರ ಕೊಲೆಯಾದವನು

ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದರೆ ದೋಣಿಗಾಲ್‌ನಿಂದ ಸಕಲೇಶಪುರದ ಪೇಟೆಯವರೆಗೂ ಲಾರಿಗಳು ಸಾಲುಗಟ್ಟುತ್ತವೆ. ಮಳೆಗಾಲದಲ್ಲಿ ನಮಗಿದು ಹೊಸದಲ್ಲ. ಕರೆಂಟು ಹೋಗಿರುತ್ತದೆ, ಫೋನಿಗೆ ಸಿಗ್ನಲ್ ಇರುವುದಿಲ್ಲ. ರಸ್ತೆ ಬಿಡುವವರೆಗೆ ಯಾರದೋ ಮನೆಯ ಜಗಲಿಯೇ ಗತಿ. ಹಾಗೆ ಕುಳಿತಾಗೆಲ್ಲ ನನಗೆ ‘ಮಧುಮತಿ’ ನೆನಪಾಗುತ್ತದೆ. 1958ರ ಆ ಹಿಂದಿ ಚಿತ್ರ ಶುರುವಾಗುವುದೇ ಹೀಗೆ. ಹೆಂಡತಿ ಮಗುವನ್ನು ಕರೆತರಲು ರೈಲ್ವೆ ಸ್ಟೇಷನ್ನಿಗೆ ಹೊರಟವನನ್ನು ಮಳೆ ರಾತ್ರಿಯಲ್ಲಿ ಜರಿದ ಗುಡ್ಡ ತಡೆಯುತ್ತದೆ. ಆಸರೆಗೆಂದು ಹಳೆಯ ಬಂಗಲೆಯೊಂದರ ಒಳಗೆ ಕಾಲಿಡುತ್ತಾನೆ. ಎಂದೂ ನೋಡಿರದ ಮನೆ, ಆದರೆ ಎಲ್ಲವೂ ಗುರುತು ಹತ್ತುತ್ತದೆ.

ಪುನರ್ಜನ್ಮದ ಪತ್ತೇದಾರಿ ಚಿತ್ರಗಳಲ್ಲಿ ನನಗೆ ಇಷ್ಟವಾಗುವುದು ಮರುಹುಟ್ಟಿಗಿಂತ ಸುಳಿವು. ಸತ್ತವನ ಹೆಸರು ಬದಲಾಗಿದೆ, ಮುಖವೂ ಬದಲಾಗಿರಬಹುದು. ಹಾಗಾದರೆ ಎರಡು ಜನ್ಮಗಳ ನಡುವೆ ಬದಲಾಗದೆ ಉಳಿದದ್ದು ಯಾವುದು? ಇದಕ್ಕೆ ಉತ್ತರ ಹುಡುಕಿಕೊಂಡ ನಿರ್ದೇಶಕ ಮಾತ್ರ ಗೆಲ್ಲುತ್ತಾನೆ. ‘ಮಧುಮತಿ’ಯಲ್ಲಿ ಉಳಿದದ್ದು ಒಂದು ವರ್ಣಚಿತ್ರ. ಬಂಗಲೆಯ ಗೋಡೆಯ ಮೇಲೆ ಹಿಂದಿನ ಜಮೀನ್ದಾರನ ಭಾವಚಿತ್ರ ತೂಗುತ್ತಿದೆ. ಅದನ್ನು ಬರೆದವನು ತಾನೇ ಎಂಬುದು ದಿಲೀಪ್ ಕುಮಾರ್ ಪಾತ್ರಕ್ಕೆ ಹೊಳೆಯುತ್ತದೆ. ನೆನಪು ತಲೆಗಿಂತ ಮೊದಲು ಕೈಗೆ ಬಂತು. ಕಥೆ ಬರೆದ ಋತ್ವಿಕ್ ಘಟಕ್ ಅವರ ಬುದ್ಧಿವಂತಿಕೆಗೆ ಇದೊಂದೇ ಸಾಕು.

ಕೊನೆಯ ಸುಳಿವು ಇನ್ನೂ ಸೂಕ್ಷ್ಮ. ಹಿಂದಿನ ಜನ್ಮದಲ್ಲಿ ನಾಯಕನ ಪ್ರೇಯಸಿಯಾಗಿದ್ದು ಸತ್ತ ಮಧುಮತಿಯನ್ನೇ ಹೋಲುವ ಹುಡುಗಿಯೊಬ್ಬಳನ್ನು ಆಕೆಯಂತೆ ಸಿಂಗರಿಸಿ, ಆ ಸಾವಿಗೆ ಕಾರಣನಾದ ಅಪರಾಧಿಯ ಎದುರು ನಿಲ್ಲಿಸಿ ತಪ್ಪೊಪ್ಪಿಸುವ ಉಪಾಯ ಹೂಡುತ್ತಾರೆ. ಎಲ್ಲ ಅಂದುಕೊಂಡಂತೆಯೇ ನಡೆಯುತ್ತದೆ. ಆದರೆ ಎದುರು ನಿಂತವಳು, ಆ ಹುಡುಗಿಗೆ ಗೊತ್ತಿರಲು ಸಾಧ್ಯವೇ ಇಲ್ಲದ ಸಂಗತಿಗಳನ್ನು ಎತ್ತಿ ಕೇಳುತ್ತಾಳೆ. ಅಷ್ಟರಲ್ಲಿ ತಡವಾಯಿತೆಂದು ಓಡಿಬರುವ ನಿಜವಾದ ಹುಡುಗಿ ಬಾಗಿಲಲ್ಲಿ! ಎರಡನೆಯ ಸಲ ನೋಡುವಾಗ ಆ ಪ್ರಶ್ನೆಗಳನ್ನು ಗಮನಿಸಿ. ನಿರ್ದೇಶಕ ಬಿಮಲ್ ರಾಯ್ ಗುಟ್ಟನ್ನು ನಮ್ಮ ಕಿವಿಯ ಪಕ್ಕದಲ್ಲೇ ಹೇಳಿಬಿಟ್ಟಿರುತ್ತಾರೆ.

ತೆರೆಯ ಹಿಂದಿನ ಕಥೆಯೂ ಕಡಿಮೆಯದಲ್ಲ. ನೈನಿತಾಲ್ ಸೀಮೆಯಲ್ಲಿ ವಾರಗಟ್ಟಲೆ ದುಡಿದು ಚಿತ್ರೀಕರಿಸಿಕೊಂಡು ಬಂದ ರೀಲುಗಳನ್ನು ಸಂಸ್ಕರಿಸಿದಾಗ ಬಹುಪಾಲು ಮಸುಕಾಗಿ ಕೆಟ್ಟಿದ್ದವು. ಅಷ್ಟು ದೂರ ಮತ್ತೆ ಹೋಗುವಂತಿರಲಿಲ್ಲ. ಮಹಾರಾಷ್ಟ್ರದ ಇಗತ್‌ಪುರಿ ಬಳಿಯ ವೈತರಣಾ ಅಣೆಕಟ್ಟಿನ ಹತ್ತಿರ ಸೆಟ್ ಹಾಕಿ, ಕಲಾ ನಿರ್ದೇಶಕ ಸುಧೇಂದು ರಾಯ್ ಅವರ ತಂಡ ಕೃತಕ ಪೈನ್ ಮರಗಳನ್ನು ಮಾಡಿ ನೆಟ್ಟಿತು. ಹಿಮಾಲಯದ ಮಂಜನ್ನು ಹೊಗೆಯಿಂದ ಎಬ್ಬಿಸಿದರು. ನಾವು ನೋಡಿ ಮೈಮರೆಯುವ ಆ ಕಾಡಿನ ಎಷ್ಟೋ ಭಾಗ ಹೀಗೆ ಎರಡನೆಯ ಸಲ ಹುಟ್ಟಿದ್ದು. ಚಿತ್ರಕ್ಕೆ ಒಂಬತ್ತು ಫಿಲ್ಮ್‌ಫೇರ್ ಪ್ರಶಸ್ತಿಗಳು ಬಂದವು. ಅತಿ ಹೆಚ್ಚು ಪ್ರಶಸ್ತಿಗಳ ಆ ದಾಖಲೆ 37 ವರ್ಷ ಉಳಿಯಿತು.

ಬಿಮಲ್ ರಾಯ್ ಸುಳಿವು ಅಡಗಿಸುವ ಈ ವಿದ್ಯೆಯನ್ನು ಮೊದಲು ಪಳಗಿಸಿಕೊಂಡದ್ದು ಸಂಕಲನದ ಮೇಜಿನ ಮೇಲೆ. 1949ರ ಕಮಾಲ್ ಅಮ್ರೋಹಿ ಚಿತ್ರ ‘ಮಹಲ್’ನ ಸಂಕಲನಕಾರ ಅವರೇ. ಅಲ್ಲಿ ಸುಳಿವು ಒಂದು ಹಾಡು. ದೂರದಿಂದ ತೇಲಿಬಂದು ಹತ್ತಿರವಾಗುವ ಆ ದನಿಗಾಗಿ ಲತಾ ಮಂಗೇಶ್ಕರ್ ಮೈಕಿನಿಂದ ದೂರದಲ್ಲಿ ನಿಂತು, ಹಾಡುತ್ತ ಹಾಡುತ್ತ ನಡೆದು ಬಂದರಂತೆ. ಮೊದಲ ಗ್ರಾಮಫೋನ್ ತಟ್ಟೆಯ ಮೇಲೆ ಗಾಯಕಿಯ ಹೆಸರಿರಲಿಲ್ಲ, ‘ಕಾಮಿನಿ’ ಎಂಬ ಪಾತ್ರದ ಹೆಸರಿತ್ತು. ಆದರೆ ‘ಮಹಲ್’ನಲ್ಲಿ ಪುನರ್ಜನ್ಮವೇ ಇಲ್ಲ. ಅಲೆಯುವ ಆತ್ಮವೆಂದು ನಾಯಕ ನಂಬಿದ್ದು ಆ ಮನೆಯ ಮಾಲಿಯ ಮಗಳನ್ನು. ನಂಬಿಕೆಯೇ ಕಣ್ಣು ಕಟ್ಟಿತು ಎನ್ನುವ ಈ ತಿರುವು ನನ್ನ ಮಟ್ಟಿಗೆ ‘ಮಧುಮತಿ’ಗಿಂತ ಧೈರ್ಯದ್ದು.

ಕನ್ನಡಕ್ಕೆ ಬಂದರೆ 1980 ಒಂದು ಗುರುತಿನ ವರ್ಷ. ಶಂಕರ್ ನಾಗ್ ನಿರ್ದೇಶನದಲ್ಲಿ ಅನಂತ್ ನಾಗ್ ನಟಿಸಿದ ‘ಜನ್ಮ ಜನ್ಮದ ಅನುಬಂಧ’ ಬಂದದ್ದು ಆಗ. ಕಥೆಯ ಗುಟ್ಟು ಮರೆತವರೂ ಇಳಯರಾಜ ಸಂಗೀತದಲ್ಲಿ ಎಸ್. ಜಾನಕಿ ಹಾಡಿದ ತಂಗಾಳಿಯ ಹಾಡನ್ನು ಮರೆತಿಲ್ಲ. ಅದೇ ವರ್ಷ ಹಿಂದಿಯಲ್ಲಿ ಸುಭಾಷ್ ಘಾಯ್ ‘ಕರ್ಜ್’ ಮಾಡಿದರು. ಅಲ್ಲಿ ನೆನಪಿನ ಬೀಗ ತೆಗೆಯುವುದು ಗಿಟಾರಿನ ಒಂದು ಚಿಕ್ಕ ರಾಗ. ಅದು ನುಡಿದ ಕೂಡಲೇ ನಾಯಕನ ಕಣ್ಣ ಮುಂದೆ ಬೆಟ್ಟದ ತಿರುವು, ಕಾಳಿಯ ಗುಡಿ, ಮೈಮೇಲೆ ನುಗ್ಗುವ ಜೀಪು. 1989ರಲ್ಲಿ ಡಿ. ರಾಜೇಂದ್ರ ಬಾಬು ಇದನ್ನು ರವಿಚಂದ್ರನ್ ಅವರಿಗಾಗಿ ‘ಯುಗಪುರುಷ’ ಎಂದು ಕನ್ನಡಕ್ಕೆ ತಂದರು. ಹಂಸಲೇಖ ಅವರ ಸಂಗೀತವೇ ಅದರ ಜೀವಾಳ.

ಇಂಥ ಕಥೆಗಳಿಗೆ ಬೆಟ್ಟ ಬೇಕು, ಮಂಜು ಬೇಕು, ಒಂಟಿ ಬಂಗಲೆ ಬೇಕು. ಆಲೂರು ದಾಟಿ ಪಾಳ್ಯ, ಬಾಳ್ಳುಪೇಟೆ ಹಾದು ಸಕಲೇಶಪುರಕ್ಕೆ ಬರುವ ದಾರಿಯಲ್ಲಿ ಇವಕ್ಕೆ ಬರವಿಲ್ಲ. ಸಿನಿಮಾದವರಿಗೂ ಈ ದಾರಿ ಗೊತ್ತು. 2006ರ ‘ಮುಂಗಾರು ಮಳೆ’ ಈ ಸೀಮೆಯ ಮಳೆಯನ್ನು ಇಡೀ ನಾಡಿಗೆ ತೋರಿಸಿತು. ಆದರೂ ಹೆಚ್ಚಿನ ಚಿತ್ರಗಳಿಗೆ ನಮ್ಮ ಗುಡ್ಡ ಹಾಡಿನ ಹಿಂದಿನ ಪರದೆ, ಇಲ್ಲವೇ ದೆವ್ವದ ಮುಂದಿನ ಹೊಗೆ. ಗುಡ್ಡವೇ ಸಾಕ್ಷಿ ಹೇಳಬಲ್ಲದು ಎಂಬುದು ಅವರಿಗೆ ತೋಚಿಲ್ಲ. ಇದು ನನ್ನ ಬಹುಕಾಲದ ಕೊರಗು.

ಕಾಫಿ ತೋಟವನ್ನೇ ತೆಗೆದುಕೊಳ್ಳಿ. ಫೆಬ್ರವರಿ ಕೊನೆಗೋ ಮಾರ್ಚಿನಲ್ಲೋ ಹೂಮಳೆ ಬೀಳುತ್ತದೆ. ಎಂಟೊಂಬತ್ತು ದಿನಕ್ಕೆ ಒಂದು ಬೆಳಗ್ಗೆ ಇಡೀ ತೋಟ ಬೆಳ್ಳಗೆ, ಮಲ್ಲಿಗೆಯಂಥ ಘಮ, ಜೇನ್ನೊಣಗಳ ಮೊರೆತ. ಮೂರ್ನಾಲ್ಕು ದಿನ ಅಷ್ಟೆ, ಆಮೇಲೆ ಹೂ ಕಂದು ತಿರುಗಿ ಉದುರುತ್ತದೆ. ಈಗ ಒಂದು ಮಗು “ನಾನು ಬಿದ್ದಾಗ ಗಿಡವೆಲ್ಲ ಬೆಳ್ಳಗಿತ್ತು, ಒಳ್ಳೇ ವಾಸನೆ ಇತ್ತು” ಎಂದು ಹೇಳಿತು ಎನ್ನಿ. ಪೇಟೆಯ ಪೊಲೀಸನಿಗೆ ಅದು ಮಗುವಿನ ಹರಟೆ. ತೋಟದ ಲೆಕ್ಕ ಬರೆಯುವ ರೈಟರಿಗೆ ಅದು ತಾರೀಖು. ಯಾವ ವರ್ಷ ಎಂದು ಹೊಳೆದರೆ ಸಾಕು, ಮಳೆ ಲೆಕ್ಕದ ಪುಸ್ತಕ ತೆರೆದು ಕೊಲೆ ನಡೆದ ವಾರವನ್ನೇ ಹೇಳಿಬಿಡುತ್ತಾನೆ. ಇಲ್ಲಿ ಹೆಚ್ಚಿನ ತೋಟಗಳಲ್ಲಿ ಎಷ್ಟು ಸೆಂಟು ಮಳೆ ಎಂದು ದಿನವೂ ಬರೆದಿಡುವ ರೂಢಿಯಿದೆ. ಅದೇ ಜೂನ್ ಮಳೆಯ ದೃಶ್ಯದಲ್ಲಿ ಗಿಡದ ತುಂಬ ಕೆಂಪು ಹಣ್ಣು ತೋರಿಸಿದರೆ ಇಲ್ಲಿಯ ಶಾಲೆ ಮಕ್ಕಳೂ ನಗುತ್ತಾರೆ. ಅರೇಬಿಕಾ ಹಣ್ಣಾಗುವುದು ನವೆಂಬರಿನ ಆಸುಪಾಸು.

ರೈಲು ಹಳಿಯೂ ಸಾಕ್ಷಿಯೇ. ಹಾಸನ–ಮಂಗಳೂರು ಮಾರ್ಗ ಪೂರ್ಣಗೊಂಡದ್ದು 1979ರಲ್ಲಿ, ಮೀಟರ್ ಗೇಜಿನಲ್ಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 57 ಸುರಂಗ. ತೊಂಬತ್ತರ ದಶಕದಲ್ಲಿ ಗೇಜ್ ಬದಲಾವಣೆಗೆಂದು ರೈಲು ನಿಂತಿತು. ಬ್ರಾಡ್‌ಗೇಜ್ ಮೇಲೆ ಪ್ರಯಾಣಿಕರ ರೈಲು ಓಡಿದ್ದು 2007ರ ಡಿಸೆಂಬರಿನಲ್ಲಿ. ಅದಾದ ಮೇಲೆ ಹುಟ್ಟಿದ ಹುಡುಗ ಹಳಿ ಬರೆಯುವಾಗ ಎರಡು ಕಂಬಿಗಳನ್ನು ಪದೇ ಪದೇ ಹತ್ತಿರ ಹತ್ತಿರ ಎಳೆದರೆ? ಐದೂವರೆ ಅಡಿಯನ್ನು ಮೂರೂಕಾಲು ಅಡಿ ಮಾಡುವ ಆ ಪುಟ್ಟ ಕೈಯನ್ನು ಒಂದೇ ಒಂದು ಶಾಟ್‌ನಲ್ಲಿ ತೋರಿಸಿ ಸುಮ್ಮನಾಗಬೇಕು.

ಮಂಜರಾಬಾದ್ ಕೋಟೆ ಇನ್ನೂ ಸೊಗಸು. 1792ರಲ್ಲಿ ಟಿಪ್ಪು ಸುಲ್ತಾನ್ ಪೂರ್ಣಗೊಳಿಸಿದ ಈ ಕೋಟೆ ಎಂಟು ಮೂಲೆಗಳ ನಕ್ಷತ್ರ. ಒಳಗೆ ನಿಂತವರಿಗೆ ಬರೀ ಗೋಡೆ, ತಿರುವು, ಹುಲ್ಲು. ಆಕಾರ ಕಾಣುವುದು ಆಕಾಶದಿಂದ ಮಾತ್ರ. ಡ್ರೋನ್ ಬಂದ ಮೇಲೆ ಎಲ್ಲರ ಮೊಬೈಲಿನಲ್ಲೂ ಆ ನಕ್ಷತ್ರವಿದೆ. ಹಾಗಾಗಿ ಇಂದಿನ ಹುಡುಗ ನಕ್ಷತ್ರ ಬರೆದರೆ ಅದು ಏನನ್ನೂ ಸಾಬೀತು ಮಾಡುವುದಿಲ್ಲ, ಫೋನು ನೋಡಿದ್ದಾನೆ ಅಷ್ಟೆ. ಸುಳ್ಳು ಸುಳಿವು ಇಡಬೇಕೆಂದರೆ ಇದಕ್ಕಿಂತ ಒಳ್ಳೆಯ ಜಾಗ ಬೇರಿಲ್ಲ.

ಒಂದು ಮಾತು ಸೇರಿಸಬೇಕು. ಹಿಂದಿನ ಜನ್ಮದ್ದೆನ್ನುವ ಇಂಥ ನೆನಪುಗಳನ್ನು ಗಂಭೀರವಾಗಿ ಪರಿಶೀಲಿಸಿದವರು ನಮ್ಮ ಬೆಂಗಳೂರಿನಲ್ಲೇ ಇದ್ದರು. ನಿಮ್ಹಾನ್ಸ್‌ನ ಮನಶ್ಶಾಸ್ತ್ರಜ್ಞೆ ಸತ್ವಂತ್ ಪಸ್ರೀಚಾ, ಅಮೆರಿಕದ ಇಯಾನ್ ಸ್ಟೀವನ್ಸನ್ ಜೊತೆ ಸೇರಿ ಭಾರತದ ಇಂಥ ಪ್ರಕರಣಗಳನ್ನು ಅಧ್ಯಯನ ಮಾಡಿದರು. 1990ರಲ್ಲಿ ಅವರ ಪುಸ್ತಕವೂ ಬಂತು. ಅವರು ದಾಖಲಿಸಿದಂತೆ ಮಕ್ಕಳು ‘ಹಿಂದಿನ ಜನ್ಮ’ದ ಮಾತು ಶುರು ಮಾಡುವುದು ಸುಮಾರು ಎರಡರಿಂದ ನಾಲ್ಕು ವರ್ಷದೊಳಗೆ, ಶಾಲೆಗೆ ಹೋಗುವ ವಯಸ್ಸು ಬಂದಂತೆ ಮಾತು ನಿಲ್ಲುತ್ತದೆ. ಪುನರ್ಜನ್ಮ ಇದೆಯೆಂದು ಇದರಿಂದ ಸಾಬೀತಾಗುವುದಿಲ್ಲ. ಆದರೆ ಕಥೆಗಾರನಿಗೆ ಇದು ದೊಡ್ಡ ಸಹಾಯ. ಸಿನಿಮಾದಲ್ಲಿ ಇಪ್ಪತ್ತೈದರ ನಾಯಕನಿಗೆ ನೆನಪು ಮರಳುತ್ತದೆ, ಇಲ್ಲಿ ಮೂರು ವರ್ಷದ ಮಗುವಿಗೆ ನೆನಪು ಕರಗುತ್ತಿದೆ. ಮಗು ಮರೆಯುವುದರೊಳಗೆ ಕೊಲೆಗಾರ ಸಿಗಬೇಕು. ಇದಕ್ಕಿಂತ ಬಿಗಿಯಾದ ಚಿತ್ರಕಥೆ ಬೇಕೆ?

ಕನ್ನಡದ ಹೊಸ ನಿರ್ದೇಶಕರಲ್ಲಿ ನನ್ನ ಕೋರಿಕೆ ಇಷ್ಟೆ. ಲೊಕೇಶನ್ ನೋಡಲು ಒಂದು ದಿನಕ್ಕೆಂದು ಬಂದು ಫೋಟೊ ಹೊಡೆದುಕೊಂಡು ಹೋಗಬೇಡಿ. ಹೂಮಳೆಗೆ ಒಮ್ಮೆ, ಆಷಾಢದ ಮಳೆಗೆ ಒಮ್ಮೆ, ಹಣ್ಣು ಕೊಯ್ಲಿಗೆ ಒಮ್ಮೆ ಬನ್ನಿ. ತೋಟದ ಲೈನ್ ಮನೆಗಳಲ್ಲಿ, ಸ್ಟೇಷನ್ನಿನ ಕಟ್ಟೆಯ ಮೇಲೆ ಹಳಬರೊಂದಿಗೆ ಕುಳಿತುಕೊಳ್ಳಿ. ಚಿತ್ರಕಥೆಯನ್ನು ಆಮೇಲೆ ಬರೆಯಿರಿ.