ಬೋರ್ಡ್ ರೂಮ್‌ನಿಂದ ಮತಗಟ್ಟೆಗೆ: ರಾಜೀವ್ ಚಂದ್ರಶೇಖರ್ ರಾಜಕೀಯ ಹಾದಿ ಹೇಳುವುದೇನು?

ಸತತ ಮೂರು ಅವಧಿಗೆ, ಅಂದರೆ 18 ವರ್ಷ ರಾಜ್ಯಸಭಾ ಸದಸ್ಯ. ಸುಮಾರು ಮೂರು ವರ್ಷ ಕೇಂದ್ರ ಸಚಿವ. ಆದರೂ 2024ರವರೆಗೆ ಅವರು ಜನರ ಮುಂದೆ ನಿಂತು ತಮಗಾಗಿ ಒಂದು ಮತವನ್ನೂ ಕೇಳಬೇಕಾಗಿ ಬಂದಿರಲಿಲ್ಲ. ಕರ್ನಾಟಕದಿಂದ ಸಂಸತ್ತು ಪ್ರವೇಶಿಸಿ, ಈಗ ಕೇರಳದ ರಾಜಕಾರಣಕ್ಕೆ ಹೊರಳಿರುವ ಬಿಜೆಪಿ ನಾಯಕ ರಾಜೀವ್ ಚಂದ್ರಶೇಖರ್ ಅವರ ಕಥೆ ಇದು. ಉದ್ಯಮ ಲೋಕದಿಂದ ರಾಜಕೀಯಕ್ಕೆ ಬರುವವರಿಗೆ ಯಾವ ಬಾಗಿಲು ಸಲೀಸು, ಯಾವುದು ಕಷ್ಟ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಅಪರೂಪ.

ಮಣಿಪಾಲದಿಂದ ಇಂಟೆಲ್‌ಗೆ

ರಾಜೀವ್ ಹುಟ್ಟಿದ್ದು 1964ರಲ್ಲಿ ಅಹಮದಾಬಾದ್‌ನಲ್ಲಿ. ತಂದೆ ವಾಯುಪಡೆಯ ಅಧಿಕಾರಿ, ಕುಟುಂಬದ ಮೂಲ ಕೇರಳದ ತ್ರಿಶ್ಶೂರ್ ಜಿಲ್ಲೆ. ಎಂಜಿನಿಯರಿಂಗ್ ಓದಿದ್ದು ಮಣಿಪಾಲದಲ್ಲಿ. ನಂತರ ಅಮೆರಿಕದ ಇಲಿನಾಯ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಕಂಪ್ಯೂಟರ್ ಸೈನ್ಸ್ ಸ್ನಾತಕೋತ್ತರ ಪದವಿ ಪಡೆದು, 1988ರಲ್ಲಿ ಇಂಟೆಲ್ ಸೇರಿದರು. ಅಲ್ಲಿ 486 ಪ್ರೊಸೆಸರ್ ರೂಪಿಸಿದ ತಂಡದಲ್ಲಿದ್ದರು.

ಬಿಪಿಎಲ್ ಸಂಸ್ಥಾಪಕ ಟಿ.ಪಿ.ಜಿ. ನಂಬಿಯಾರ್ ಅವರ ಮಗಳನ್ನು ಮದುವೆಯಾಗಿ ಭಾರತಕ್ಕೆ ಮರಳಿದ ಅವರು, 1994ರಲ್ಲಿ ಬಿಪಿಎಲ್ ಮೊಬೈಲ್ ಕಂಪನಿ ಕಟ್ಟಿದರು. ಮುಂಬೈಯಲ್ಲಿ ನೆಲೆಸಿರುವ ಹಿರಿಯ ಕನ್ನಡಿಗರಿಗೆ ಈ ಹೆಸರು ನೆನಪಿರಬಹುದು. ನಗರದಲ್ಲಿ ಮೊದಲು ಬಂದ ಮೊಬೈಲ್ ಸೇವೆಗಳಲ್ಲಿ ಅದೂ ಒಂದು. ಮುಂದೆ ಅದೇ 'ಲೂಪ್ ಮೊಬೈಲ್' ಆಯಿತು. 2005ರಲ್ಲಿ ತಮ್ಮ ಪಾಲನ್ನು ಎಸ್ಸಾರ್ ಸಮೂಹಕ್ಕೆ ಮಾರಿದ ರಾಜೀವ್, 'ಜುಪಿಟರ್ ಕ್ಯಾಪಿಟಲ್' ಎಂಬ ಹೂಡಿಕೆ ಸಂಸ್ಥೆ ಸ್ಥಾಪಿಸಿದರು. ಏಷ್ಯಾನೆಟ್ ನ್ಯೂಸ್, ಸುವರ್ಣ ನ್ಯೂಸ್ ಮತ್ತು ಕನ್ನಡಪ್ರಭದಲ್ಲಿ ಹಣ ಹೂಡಿದ್ದು ಈ ಸಂಸ್ಥೆಯ ಮೂಲಕವೇ.

ಮರುವರ್ಷವೇ ರಾಜ್ಯಸಭೆ

2006ರಲ್ಲಿ ಕರ್ನಾಟಕದಲ್ಲಿ ಜೆಡಿಎಸ್-ಬಿಜೆಪಿ ಮೈತ್ರಿ ಸರ್ಕಾರವಿತ್ತು. ಈ ಪಕ್ಷಗಳ ಬೆಂಬಲದೊಂದಿಗೆ ರಾಜೀವ್ ಪಕ್ಷೇತರರಾಗಿ ರಾಜ್ಯಸಭೆಗೆ ಆಯ್ಕೆಯಾದರು. 2012ರಲ್ಲಿ ಮತ್ತೆ ಪಕ್ಷೇತರರಾಗಿಯೇ ಗೆದ್ದರು. 2018ರಲ್ಲಿ ಅಧಿಕೃತವಾಗಿ ಬಿಜೆಪಿ ಸೇರಿ ಮೂರನೇ ಬಾರಿ ಆಯ್ಕೆಯಾದರು.

ಇಲ್ಲಿ ರಾಜ್ಯಸಭಾ ಚುನಾವಣೆಯ ಲೆಕ್ಕಾಚಾರ ತಿಳಿದುಕೊಳ್ಳುವುದು ಮುಖ್ಯ. ಮತ ಹಾಕುವವರು ಶಾಸಕರು ಮಾತ್ರ. ಕರ್ನಾಟಕ ವಿಧಾನಸಭೆಯ ಚುನಾಯಿತ ಸದಸ್ಯರ ಸಂಖ್ಯೆ 224. ನಾಲ್ಕು ಸ್ಥಾನಗಳಿಗೆ ಚುನಾವಣೆ ನಡೆದರೆ, ಎಲ್ಲರೂ ಮತ ಹಾಕಿದಾಗ ಒಬ್ಬ ಅಭ್ಯರ್ಥಿಗೆ ಸುಮಾರು 45 ಪ್ರಥಮ ಪ್ರಾಶಸ್ತ್ಯದ ಮತಗಳು ಸಿಕ್ಕರೆ ಸಾಕು. ಯಾವ ಪಕ್ಷದ ಬಳಿ ಎಷ್ಟು ಶಾಸಕರಿದ್ದಾರೆ, ಯಾರ ಬಳಿ ಹೆಚ್ಚುವರಿ ಮತಗಳಿವೆ ಎಂಬುದರ ಮೇಲೆ ಎಲ್ಲವೂ ನಿಂತಿರುತ್ತದೆ.

2003ರ ತಿದ್ದುಪಡಿ ಇನ್ನೂ ಎರಡು ಬದಲಾವಣೆ ತಂದಿತು. ಅಭ್ಯರ್ಥಿ ಆ ರಾಜ್ಯದ ನಿವಾಸಿಯೇ ಆಗಿರಬೇಕೆಂಬ ಷರತ್ತು ಹೋಯಿತು. ಗುಪ್ತ ಮತದಾನದ ಬದಲು ಬಹಿರಂಗ ಮತದಾನ ಬಂತು. 2006ರಲ್ಲಿ ಸುಪ್ರೀಂ ಕೋರ್ಟ್ ಕುಲದೀಪ್ ನಯ್ಯರ್ ಪ್ರಕರಣದಲ್ಲಿ ಇವೆರಡನ್ನೂ ಎತ್ತಿಹಿಡಿಯಿತು. ಹೀಗಾಗಿ ಪಕ್ಷದ ವರಿಷ್ಠರು ಮನಸ್ಸು ಮಾಡಿದರೆ, ಕ್ಷೇತ್ರವಾಗಲಿ ಕಾರ್ಯಕರ್ತರ ಪಡೆಯಾಗಲಿ ಇಲ್ಲದವರಿಗೂ ಸಂಸತ್ತಿನ ದಾರಿ ತೆರೆಯುತ್ತದೆ. ಉದ್ಯಮಿ ವಿಜಯ್ ಮಲ್ಯ ಕೂಡ ಕರ್ನಾಟಕದಿಂದ ಎರಡು ಬಾರಿ ಹೋಗಿದ್ದು ಇದೇ ರಾಜ್ಯಸಭೆಗೆ.

ಅನುಭವದ ಲಾಭ, ಪಾತ್ರದ ಬದಲಾವಣೆ

ಪರಿಣತರು ಸದನದಲ್ಲಿದ್ದರೆ ಪ್ರಯೋಜನವಿಲ್ಲ ಎನ್ನಲಾಗದು. ಟೆಲಿಕಾಂ ಕ್ಷೇತ್ರದ ಒಳಹೊರಗು ಬಲ್ಲ ರಾಜೀವ್, 2ಜಿ ತರಂಗಾಂತರ ಹಂಚಿಕೆ ಬಗ್ಗೆ ಪ್ರಶ್ನೆ ಎತ್ತಿದ ಸಂಸದರಲ್ಲಿ ಒಬ್ಬರು. ಬೆಂಗಳೂರಿನ ಉಕ್ಕಿನ ಮೇಲ್ಸೇತುವೆ ಯೋಜನೆಯನ್ನೂ ವಿರೋಧಿಸಿದ್ದರು. ಆನ್‌ಲೈನ್ ಬರಹಗಳಿಗಾಗಿ ಜನರನ್ನು ಬಂಧಿಸಲು ಬಳಕೆಯಾಗುತ್ತಿದ್ದ ಐಟಿ ಕಾಯ್ದೆಯ 66ಎ ಸೆಕ್ಷನ್ ವಿರುದ್ಧ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದವರಲ್ಲಿ ಅವರೂ ಇದ್ದರು. 2015ರ ಮಾರ್ಚ್‌ನಲ್ಲಿ ಕೋರ್ಟ್ ಆ ಸೆಕ್ಷನ್ ರದ್ದುಪಡಿಸಿತು.

2021ರ ಜುಲೈನಲ್ಲಿ ಅವರು ಎಲೆಕ್ಟ್ರಾನಿಕ್ಸ್ ಮತ್ತು ಐಟಿ ಖಾತೆಯ ರಾಜ್ಯ ಸಚಿವರಾದರು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಬಂದದ್ದು ಅವರ ಅವಧಿಯಲ್ಲೇ. ಕೇಂದ್ರ ಸರ್ಕಾರದ ಕುರಿತ ಆನ್‌ಲೈನ್ ಮಾಹಿತಿ ಸುಳ್ಳೇ ನಿಜವೇ ಎಂದು ಸರ್ಕಾರದ್ದೇ ಘಟಕ ತೀರ್ಮಾನಿಸುವ 'ಫ್ಯಾಕ್ಟ್ ಚೆಕ್' ನಿಯಮ ಬಂದದ್ದೂ ಆಗಲೇ. ಅದು ಸುಳ್ಳು ಸುದ್ದಿಗೆ ಕಡಿವಾಣ ಎಂದು ಸರ್ಕಾರ ಸಮರ್ಥಿಸಿಕೊಂಡಿತು. ಆದರೆ 2024ರ ಸೆಪ್ಟೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್ ಅದನ್ನು ರದ್ದುಗೊಳಿಸಿತು. ಒಂದು ಕಾಲದಲ್ಲಿ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕಾಗಿ ಅರ್ಜಿ ಹಾಕಿದವರ ಇಲಾಖೆಯೇ ನಂತರ ಅದೇ ಪ್ರಶ್ನೆಗೆ ಕೋರ್ಟಿನಲ್ಲಿ ಉತ್ತರಿಸಬೇಕಾಯಿತು.

ಮೊದಲ ಜನಾದೇಶ

2024ರಲ್ಲಿ ಬಿಜೆಪಿ ಅವರನ್ನು ತಿರುವನಂತಪುರದಲ್ಲಿ ಕಣಕ್ಕಿಳಿಸಿತು. ಎದುರಾಳಿ ಅಲ್ಲಿ ಮೂರು ಬಾರಿ ಗೆದ್ದಿದ್ದ ಕಾಂಗ್ರೆಸ್‌ನ ಶಶಿ ತರೂರ್. ಪ್ರಚಾರದ ವೇಳೆ ರಾಜೀವ್ ಅವರ ಆಸ್ತಿ ವಿವರದ ಅಫಿಡವಿಟ್ ಬಗ್ಗೆ ವಿರೋಧಿಗಳು ದೂರು ನೀಡಿದರು. ಅವರು ಆರೋಪಗಳನ್ನು ತಳ್ಳಿಹಾಕಿದರು. ರಾಜ್ಯಸಭೆಯ ಚುನಾವಣೆಯಲ್ಲಿ ಯಾರೂ ಅಷ್ಟಾಗಿ ಗಮನಿಸದ ಕಾಗದವೇ ಇಲ್ಲಿ ಬೀದಿ ಬೀದಿಯ ಚರ್ಚೆಯಾಯಿತು.

ಫಲಿತಾಂಶ: ತರೂರ್‌ಗೆ 3,58,155, ರಾಜೀವ್‌ಗೆ 3,42,078 ಮತ. ಅಂತರ 16,077. 2019ರಲ್ಲಿ ತರೂರ್ ಗೆದ್ದದ್ದು 99,989 ಮತಗಳಿಂದ ಎಂಬುದನ್ನು ಗಮನಿಸಿದರೆ ರಾಜೀವ್ ಪ್ರಬಲ ಸ್ಪರ್ಧೆ ಒಡ್ಡಿದ್ದು ಸ್ಪಷ್ಟ. ಆದರೂ 45 ಮತಕ್ಕೆ ಗೆಲ್ಲಬಹುದಾದ ಸದನ ಒಂದಾದರೆ, 3.42 ಲಕ್ಷ ಮತವೂ ಸಾಲದ ಸದನ ಇನ್ನೊಂದು.

ಸೋತವರ ಸಾಲು ಉದ್ದ

ಇದು ಒಬ್ಬರ ಕಥೆಯಲ್ಲ. ಏರ್ ಡೆಕ್ಕನ್ ಸ್ಥಾಪಕ ಕ್ಯಾಪ್ಟನ್ ಗೋಪಿನಾಥ್ 2009ರಲ್ಲಿ ಬೆಂಗಳೂರು ದಕ್ಷಿಣದಲ್ಲಿ ಪಕ್ಷೇತರರಾಗಿ ಸೋತರು. ಇನ್ಫೋಸಿಸ್ ಸಹ ಸಂಸ್ಥಾಪಕ ನಂದನ್ ನಿಲೇಕಣಿ 2014ರಲ್ಲಿ ಕಾಂಗ್ರೆಸ್ ಟಿಕೆಟ್‌ನಲ್ಲಿ ಅದೇ ಕ್ಷೇತ್ರದಲ್ಲಿ ಅನಂತಕುಮಾರ್ ಎದುರು 2,28,575 ಮತಗಳಿಂದ ಸೋತರು. ಅದೇ ಚುನಾವಣೆಯಲ್ಲಿ ಇನ್ಫೋಸಿಸ್‌ನ ಮಾಜಿ ಹಣಕಾಸು ಮುಖ್ಯಸ್ಥ ವಿ. ಬಾಲಕೃಷ್ಣನ್ ಬೆಂಗಳೂರು ಸೆಂಟ್ರಲ್‌ನಲ್ಲಿ ಆಮ್ ಆದ್ಮಿ ಪಕ್ಷದಿಂದ ಸೋತರು. ಬ್ಯಾಂಕರ್ ಮೀರಾ ಸನ್ಯಾಲ್ ಮುಂಬೈ ದಕ್ಷಿಣದಲ್ಲಿ 2009 ಮತ್ತು 2014ರಲ್ಲಿ ಸ್ಪರ್ಧಿಸಿದ್ದರು. ಎರಡೂ ಬಾರಿ ಗೆಲುವು ಸಿಗಲಿಲ್ಲ.

ಮತದಾರ ನೋಡುವುದು ಬ್ಯಾಲೆನ್ಸ್ ಶೀಟ್ ಅಲ್ಲ. ನೀರು ಬಾರದಿದ್ದಾಗ, ಆಸ್ಪತ್ರೆಯಲ್ಲಿ ಹಾಸಿಗೆ ಸಿಗದಿದ್ದಾಗ ಯಾರಿಗೆ ಫೋನ್ ಮಾಡಬಹುದು ಎಂಬುದನ್ನು. ಚುನಾವಣೆಗೆ ಕೆಲವೇ ವಾರ ಮುನ್ನ ಬಂದವರಿಗೆ ಆ ನಂಟು ಬೆಳೆಸಿಕೊಳ್ಳಲು ಸಮಯವೇ ಇರುವುದಿಲ್ಲ.

ಸೋತ ನಂತರವೂ ರಾಜೀವ್ ಅಲ್ಲೇ ಉಳಿದರು. 2025ರ ಮಾರ್ಚ್‌ನಲ್ಲಿ ಕೇರಳ ಬಿಜೆಪಿ ಅಧ್ಯಕ್ಷರಾದರು. ಅದೇ ವರ್ಷ ಡಿಸೆಂಬರ್‌ನಲ್ಲಿ ಪಕ್ಷ ತಿರುವನಂತಪುರ ಪಾಲಿಕೆಯ 101 ವಾರ್ಡ್‌ಗಳಲ್ಲಿ 50 ಗೆದ್ದು, ಎಡರಂಗದ ಕೈಯಿಂದ ಆಡಳಿತ ಕಸಿದುಕೊಂಡಿತು. ಅಲ್ಲಿ ಪಕ್ಷ ದಶಕಗಳಿಂದ ಬೇರೂರುತ್ತಿತ್ತು, ಹಾಗಾಗಿ ಈ ಗೆಲುವನ್ನು ಒಬ್ಬರ ಖಾತೆಗೆ ಜಮೆ ಮಾಡಲಾಗದು. ಆದರೆ ಮೋರಿ, ಕಸ, ಬೀದಿ ದೀಪದ ರಾಜಕೀಯವನ್ನು ಅವರು ಹತ್ತಿರದಿಂದ ಕಂಡದ್ದು ಇಲ್ಲೇ.

ಇನ್ನು ಕರ್ನಾಟಕದ ಮಟ್ಟಿಗೆ ಉಳಿಯುವ ಪ್ರಶ್ನೆ ಬೇರೆ. ರಾಜ್ಯಕ್ಕಿರುವುದು 12 ರಾಜ್ಯಸಭಾ ಸ್ಥಾನ. ಅಲ್ಲಿ ಕೂರುವವರು ಯಾರೆಂದು ಜನರನ್ನು ನೇರವಾಗಿ ಕೇಳುವುದಿಲ್ಲ. ಆದರೆ ಅವರನ್ನು ಆರಿಸುವ ಶಾಸಕ ನಮ್ಮ ಮನೆ ಬಾಗಿಲಿಗೆ ಬಂದೇ ಬರುತ್ತಾನೆ. ಮತವನ್ನು ಯಾರಿಗೆ, ಏಕೆ ಹಾಕಿದಿರಿ ಎಂದು ಅವನನ್ನು ಕೇಳಲು ಅಡ್ಡಿಯಿಲ್ಲ. ಬಹಿರಂಗ ಮತದಾನವಾದ್ದರಿಂದ, ಕೇಳಿದರೆ ಉತ್ತರವೂ ಸಿಗಬೇಕು.