ತುಂಗಭದ್ರಾ ಸೀಮೆಯ ದ್ರಾಕ್ಷಾವನ

ಹೊಸಪೇಟೆಯ ಮಗ್ಗುಲಲ್ಲಿರುವ ಟಿ.ಬಿ. (ತುಂಗಭದ್ರಾ) ಡ್ಯಾಂನ ಗುಡ್ಡದ ಮೇಲೆ ನಿಂತು ಸುತ್ತಲೂ ದೃಷ್ಟಿ ಹಾಯಿಸಿದವರಿಗೆ ಈ ಸೀಮೆಯ ಎರಡು ಮುಖಗಳು ಒಮ್ಮೆಗೇ ಗೋಚರವಾಗುತ್ತವೆ. 1953ರಲ್ಲಿ ಪೂರ್ಣಗೊಂಡ ಅಣೆಕಟ್ಟಿನ ನೀರನ್ನುಂಡು ಗಂಗಾವತಿ, ಸಿಂಧನೂರುಗಳ ಬಯಲು ಭತ್ತದ ಕಣಜವಾಯಿತು. ಕಂಪ್ಲಿಯ ಕಡೆ ವಿಜಯನಗರದ ಅರಸರು ತೋಡಿಸಿದ ಕಾಲುವೆಗಳು ಇಂದಿಗೂ ಗದ್ದೆಗಳಿಗೆ, ಬಾಳೆಯ ತೋಟಗಳಿಗೆ ನೀರೂಡಿಸುತ್ತಿವೆ. ಕಾಲುವೆ ಏರಲಾರದ ದಿಬ್ಬಗಳಲ್ಲಾದರೋ, ಹೆಬ್ಬಂಡೆಗಳು ಯುಗಯುಗಾಂತರಗಳಿಂದ ಸವೆದು ಪುಡಿಯಾದ ಬಡ ಕೆಂಪು ನೆಲವು ಮಳೆಯನ್ನೇ ನೆಚ್ಚಿಕೊಂಡು ಬಿದ್ದಿದೆ. ಅಂತಹ ನೆಲದಲ್ಲಿಯೇ, ನದಿಯಾಚೆಯ ಕೊಪ್ಪಳ ಜಿಲ್ಲೆಯಲ್ಲಿ, ಒಂದು ಕುಟುಂಬವು ದ್ರಾಕ್ಷಿಯನ್ನು ಬೆಳೆದು ವೈನನ್ನು ತಯಾರಿಸುತ್ತಿದೆ.

ದ್ರಾಕ್ಷಿಯೂ ಪಾನವೂ ಈ ಸೀಮೆಗೆ ಅಪರಿಚಿತವಾದುವಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜವಿನೋದಗಳ ನಡುವೆ ಮದಿರಾಪಾನಕ್ಕೂ ಸ್ಥಾನವುಂಟು. ಕೃಷ್ಣದೇವರಾಯನ ಕಾಲದಲ್ಲಿ, 1520ರ ಆಸುಪಾಸಿಗೆ, ಹಂಪಿಯನ್ನು ಕಂಡ ಪೋರ್ಚುಗೀಸ ಪ್ರವಾಸಿ ಡೊಮಿಂಗೊ ಪಾಯೆಸನು ಅಲ್ಲಿನ ಪೇಟೆಯಲ್ಲಿ ‘ಹಣ’ವೆಂಬ ಒಂದು ನಾಣ್ಯಕ್ಕೆ ಹತ್ತು ದಾಳಿಂಬೆಯಾದರೆ ದ್ರಾಕ್ಷಿ ಮೂರೇ ಗೊಂಚಲು ಎಂದು ಬರೆದಿಟ್ಟಿದ್ದಾನೆ. ದ್ರಾಕ್ಷಿಯು ಅಂದು ಅಷ್ಟು ಬೆಲೆಯುಳ್ಳ ಫಲವಾಗಿತ್ತು.

ಆಧುನಿಕ ಕರ್ನಾಟಕದಲ್ಲಿ ವೈನ್ ಉದ್ಯಮಕ್ಕೆ ಬುನಾದಿ ಹಾಕಿದುದೂ ಇನ್ನೊಂದು ಕುಟುಂಬವೇ. ಕನ್ವಲ್ ಗ್ರೋವರ್ ಅವರು 1988ರಲ್ಲಿ ನಂದಿಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದ ಕಡೆ ಫ್ರಾನ್ಸಿನ ತಳಿಗಳನ್ನು ನೆಟ್ಟು ಸಂಸ್ಥೆಯನ್ನು ಕಟ್ಟಿದರು. 2007ರಲ್ಲಿ ರಾಜ್ಯ ಸರ್ಕಾರವು ವೈನ್ ನೀತಿಯನ್ನು ಪ್ರಕಟಿಸಿ, ಅದಕ್ಕೆಂದೇ ಒಂದು ಮಂಡಳಿಯನ್ನೂ ಸ್ಥಾಪಿಸಿತು. ಅದರ ಬೆನ್ನಿಗೇ, ಹೈದರಾಬಾದಿನ ಉದ್ಯಮಿ ದಂಪತಿಗಳಾದ ಕೃಷ್ಣಪ್ರಸಾದ್ ಮತ್ತು ಉಮಾ ಚಿಗುರುಪಾಟಿಯವರು ತಮ್ಮಿಬ್ಬರ ಹೆಸರುಗಳನ್ನು ಬೆಸೆದು ‘ಕೃಸ್ಮಾ’ ಎಂಬ ತೋಟವನ್ನು ಕೊಪ್ಪಳ ಜಿಲ್ಲೆಯ ಆ ಕೆಂಪು ನೆಲದಲ್ಲಿ, ಹಂಪಿಯ ಹೆಸರಿನ ಬೆಟ್ಟಸಾಲಿನಲ್ಲಿ ಎಬ್ಬಿಸಿದರು. ಏಳೂ ಖಂಡಗಳಲ್ಲಿ ಮ್ಯಾರಥಾನ್ ಓಡಿದ ಈ ದಂಪತಿಗಳಿಗೆ ದೀರ್ಘಕಾಲದ ತಾಳ್ಮೆಯನ್ನು ಬೇಡುವ ಈ ಕೃಷಿಯು ಒಗ್ಗಿದುದರಲ್ಲಿ ಆಶ್ಚರ್ಯವಿಲ್ಲ. ಕ್ಯಾಬರ್ನೆ ಸೊವಿನ್ಯೋಂ, ಸ್ಯಾಂಜೊವೇಸೆ, ಸೊವಿನ್ಯೋಂ ಬ್ಲಾಂಕ್ ಎಂಬ ಪರದೇಶದ ತಳಿಗಳು ಇಲ್ಲಿ ಬೇರೂರಿವೆ.

ಬಡ ನೆಲವೇ ಇಲ್ಲಿ ಭಾಗ್ಯವಾದುದು ಹೇಗೆಂದರೆ, ಯಥೇಚ್ಛವಾಗಿ ನೀರುಂಡ ಬಳ್ಳಿಯ ಹಣ್ಣು ಉಬ್ಬಿ ರಸವು ನೀರಾಗುತ್ತದೆ. ಹನಿ ನೀರಾವರಿಯಲ್ಲಿ ಮಿತವಾಗಿ ಉಂಡ ಬಳ್ಳಿಯ ಹಣ್ಣಾದರೋ ಸಣ್ಣದಾಗಿ, ತಿರುಳಿಗೆ ಹೋಲಿಸಿದಾಗ ಸಿಪ್ಪೆಯ ಪಾಲು ಏರಿ, ಬಣ್ಣವೂ ಪರಿಮಳವೂ ಸಾಂದ್ರಗೊಳ್ಳುತ್ತವೆ. ಶೀತದೇಶಗಳಲ್ಲಿ ಹಿಮಕಾಲವು ಬಳ್ಳಿಯನ್ನು ತಾನೇ ನಿದ್ರೆಗೆ ದೂಡುತ್ತದೆ. ನಮ್ಮ ಉಷ್ಣ ಸೀಮೆಯಲ್ಲಿ ಆ ನಿದ್ರೆಯಿಲ್ಲವಾದುದರಿಂದ ದ್ರಾಕ್ಷಿ ಬೆಳೆಗಾರರು ವರ್ಷಕ್ಕೆ ಎರಡು ಬಾರಿ ಚಾಟ್ನಿ, ಎಂದರೆ ಬಳ್ಳಿಯ ಕಡ್ಡಿಗಳನ್ನು ಸವರುವ ಕೆಲಸ, ಮಾಡುತ್ತಾರೆ: ಬೇಸಗೆಯಲ್ಲಿ ಕಡ್ಡಿ ಬಲಿಯಲೆಂದು ಒಮ್ಮೆ, ಮಳೆಗಾಲದ ಕೊನೆಗೆ ಹೂ ಬಿಡಲೆಂದು ಇನ್ನೊಮ್ಮೆ. ಬಿಸಿಲೇರುವ ಮೊದಲೇ ಕೊಯ್ದ ಗೊಂಚಲುಗಳು ತಣ್ಣಗಿರುವಾಗಲೇ ವೈನರಿಯನ್ನು ಸೇರಬೇಕು. ಕೆಂಪು ವೈನಿಗೆ ರಸವನ್ನು ಸಿಪ್ಪೆಯೊಡನೆಯೇ ಹುದುಗಿಗೆ ಬಿಡುತ್ತಾರೆ, ಬಿಳಿಯದಕ್ಕೆ ಮೊದಲೇ ಹಿಂಡಿ ಸಿಪ್ಪೆಯನ್ನು ಬೇರ್ಪಡಿಸುತ್ತಾರೆ. ಯೀಸ್ಟ್ ಹಣ್ಣಿನ ಸಕ್ಕರೆಯನ್ನು ಮದ್ಯಸಾರವನ್ನಾಗಿ ಮಾರ್ಪಡಿಸುವಾಗ ಹುಟ್ಟುವ ಕಾವನ್ನು ಹದದಲ್ಲಿಡುವುದೇ ಅಲ್ಲಿನ ಮುಖ್ಯ ಎಚ್ಚರ.

ಪಾನದ ವಿಷಯದಲ್ಲಿ ನಮ್ಮ ಸಮಾಜದ ಸಂಕೋಚವು ಸಕಾರಣವಾದುದೇ ಆದರೂ, ಕಾಲುವೆಯ ನೀರು ಕಾಣದ ನೆಲದಿಂದ ಗೌರವದ ಬೆಳೆಯನ್ನು ತೆಗೆದ ಈ ಕೃಷಿವಿದ್ಯೆಯು ಆದರಣೀಯವಾದುದು. ಬಂಡವಾಳವುಳ್ಳ ಒಂದು ಕುಟುಂಬಕ್ಕೆ ಒಲಿದ ಈ ವಿದ್ಯೆಯು ಸುತ್ತಲಿನ ಸಣ್ಣ ಹಿಡುವಳಿದಾರರಿಗೂ ದಕ್ಕುವಂತೆ ತೋಟಗಾರಿಕೆ ಇಲಾಖೆಯೂ ವೈನ್ ಮಂಡಳಿಯೂ ಸಸಿಯನ್ನು, ಶಿಕ್ಷಣವನ್ನು, ಖರೀದಿಯ ಭರವಸೆಯನ್ನು ಒದಗಿಸಿಕೊಡಬೇಕು.